ಫೈಟರ್ ಸಿಗದೋರಿಗೆ ಹೆಲಿಕಾಪ್ಟರ್ ಅಂತೆ, ನಿಜಾನಾ?

ಪ್ರಶ್ನೆ: ನನಗೆ 21 ವರ್ಷ, ಡಿಗ್ರಿ ಮುಗೀತಾ ಬಂತು. ಮಿಲಿಟರಿ ಪೈಲಟ್ ಆಗ್ಬೇಕು ಅಂತ ಚಿಕ್ಕ ಹುಡುಗಿಯಿಂದ ಆಸೆ, ಅದ್ರಲ್ಲೂ ಹೆಲಿಕಾಪ್ಟರ್ ಅಂದ್ರೆ ಇಷ್ಟ. ಆದ್ರೆ ಯಾರನ್ನ ಕೇಳಿದ್ರೂ ಫೈಟರ್ ಸಿಗದೇ ಇದ್ದೋರನ್ನ ಹೆಲಿಕಾಪ್ಟರ್‌ಗೆ ತಳ್ತಾರೆ ಅಂತಾರೆ. ಕೆಲಸ ನಿಜವಾಗ್ಲೂ ಹೇಗಿರತ್ತೆ, ಎಷ್ಟು ವರ್ಷ ಹಾರೋಕೆ ಬಿಡ್ತಾರೆ, ಮೈ ತಡಿಯತ್ತಾ, ಹೊರಗೆ ಬಂದ್ಮೇಲೆ ಕೆಲಸ ಸಿಗತ್ತಾ? ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಮೊದಲು ಆ ಫೈಟರ್ ವಿಷಯ ಮುಗಿಸಿಬಿಡೋಣ, ಅದು ತಲೇಲಿ ಕೂತಿರೋ ತನಕ ಮಿಕ್ಕಿದ್ದು ಯಾವ್ದೂ ಒಳಗೆ ಇಳಿಯಲ್ಲ. ವಾಯುಪಡೆಗಳಲ್ಲಿ ಬೇಸಿಕ್ ಟ್ರೈನಿಂಗ್ ಆದ್ಮೇಲೆ ಯಾರು ಫೈಟರ್, ಯಾರು ಟ್ರಾನ್ಸ್‌ಪೋರ್ಟ್, ಯಾರು ಹೆಲಿಕಾಪ್ಟರ್ ಅಂತ ಹಂಚ್ತಾರೆ, ಅದ್ರಲ್ಲಿ ಮಾರ್ಕ್ಸು, ನಿಮ್ಮ ಆಯ್ಕೆ, ಆ ವರ್ಷ ಎಲ್ಲಿ ಎಷ್ಟು ಸೀಟು ಖಾಲಿ ಇದೆ ಅನ್ನೋದು ಮೂರೂ ಸೇರತ್ತೆ, ಫೈಟರ್‌ಗೆ ಪೈಪೋಟಿ ಜಾಸ್ತಿ ಇರೋದು ನಿಜವೇ. ಅಲ್ಲಿಂದ ಹುಟ್ಟಿದ ಮಾತು ಇದು. ಆದ್ರೆ ಭೂಸೇನೆಯ ಏವಿಯೇಶನ್ ವಿಭಾಗ ತಗೊಳ್ಳಿ, ಅಮೆರಿಕದ ಆರ್ಮಿ ತಗೊಳ್ಳಿ, ಅಲ್ಲಿ ಫೈಟರ್ ಅನ್ನೋದೇ ಇಲ್ಲ, ಪೈಲಟ್ ಅಂದ್ರೆ ಹೆಚ್ಚುಕಮ್ಮಿ ಹೆಲಿಕಾಪ್ಟರ್ ಪೈಲಟ್ಟೇ. ಅಲ್ಲಿಗೆ ಸೇರೋರು ಯಾರೂ ಏನೋ ಕಳ್ಕೊಂಡು ಬಂದೋರಲ್ಲ. ಅಲ್ಲದೆ ಎರಡು ಕೆಲಸದ ಜಾಯಮಾನವೇ ಬೇರೆ. ಫೈಟರ್‌ನವನು ನೆಲ ಬಿಟ್ಟು ಆದಷ್ಟು ಬೇಗ ದೂರ ಹೋಗ್ತಾನೆ. ಹೆಲಿಕಾಪ್ಟರ್‌ನವರ ಕೆಲಸ ಇರೋದೇ ನೆಲದ ಹತ್ರ, ಮರದ ತುದಿ, ಕರೆಂಟ್ ತಂತಿ, ಧೂಳು, ಬಂಡೆ ಇವುಗಳ ಮಧ್ಯೆ. ಹಿಂದೆ ಕ್ಯಾಬಿನ್‌ನಲ್ಲಿ ಬೇರೆಯವರ ಜೀವ ಇರತ್ತೆ. ನಿಮಗೆ ಹಿಡಿಸೋದು ಯಾವುದು ಅಂತ ನೀವೇ ನೋಡ್ಕೋಬೇಕು.

ಟ್ರೈನಿಂಗ್ ಬಗ್ಗೆ. ಹೆಚ್ಚಿನ ಕಡೆ ಮೊದ್ಲು ಸಣ್ಣ ವಿಮಾನದಲ್ಲಿ ಸ್ವಲ್ಪ ಕಾಲ ಹಾರಿಸಿ ಆಮೇಲೆ ಹೆಲಿಕಾಪ್ಟರ್‌ಗೆ ತರ್ತಾರೆ, ಕೆಲವು ಕಡೆ ನೇರ ಹೆಲಿಕಾಪ್ಟರೇ. ಮೊದಲ ಕೆಲವು ವಾರ ಎಲ್ಲರ ಗರ್ವ ಇಳಿಯೋದು ಹೋವರ್‌ನಲ್ಲಿ, ಅಂದ್ರೆ ನೆಲದಿಂದ ಆಳೆತ್ತರದಲ್ಲಿ ಸುಮ್ಮನೆ ನಿಂತಲ್ಲೇ ನಿಲ್ಲೋದರಲ್ಲಿ. ಎಡಗೈಲಿ ಕಲೆಕ್ಟಿವ್ ಅನ್ನೋ ಲಿವರ್, ಅದನ್ನ ಎತ್ತಿದ್ರೆ ಮೇಲೆ ಏರತ್ತೆ. ಆದ್ರೆ ಎತ್ತಿದ ಕೂಡ್ಲೇ ಟಾರ್ಕ್, ಅಂದ್ರೆ ಮೇಲಿನ ರೋಟರನ್ನ (ತಿರುಗೋ ರೆಕ್ಕೆ) ತಿರುಗಿಸೋ ಬಲ, ಜಾಸ್ತಿಯಾಗಿ ಮೂಗು ಪಕ್ಕಕ್ಕೆ ತಿರುಗತ್ತೆ, ಅದನ್ನ ತಡೆಯೋಕೆ ಪೆಡಲ್ ಒತ್ತಬೇಕು, ಪೆಡಲ್ ಒತ್ತಿದ್ರೆ ಬಾಲದ ರೋಟರ್ ತಳ್ಳೋ ಜೋರಿಗೆ ಇಡೀ ಹೆಲಿಕಾಪ್ಟರ್ ಪಕ್ಕಕ್ಕೆ ಜಾರತ್ತೆ, ಅದಕ್ಕೆ ಬಲಗೈಲಿ ಸೈಕ್ಲಿಕ್ ಅನ್ನೋ ಕೋಲನ್ನ ಸ್ವಲ್ಪ ವಾಲಿಸ್ಬೇಕು, ವಾಲಿಸಿದ್ರೆ ಎತ್ತರ ಕಮ್ಮಿ ಆಗತ್ತೆ, ಮತ್ತೆ ಕಲೆಕ್ಟಿವ್. ಈ ಸರಪಳಿ ಮುಗಿಯೋದೇ ಇಲ್ಲ. ಇನ್‌ಸ್ಟ್ರಕ್ಟರ್ ಒಂದೊಂದೇ ಕಂಟ್ರೋಲ್ ನಿಮ್ಮ ಕೈಗೆ ಕೊಡ್ತಾ ಹೋಗ್ತಾರೆ, ಮೂರನ್ನೂ ಒಟ್ಟಿಗೆ ಕೊಟ್ಟ ದಿನ ಹೆಲಿಕಾಪ್ಟರ್ ಇಡೀ ಮೈದಾನ ಸುತ್ತತ್ತೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂಗೆ ನಿಲ್ಲತ್ತೆ, ಯಾಕೆ ನಿಂತಿತು ಅಂತ ಸ್ಟೂಡೆಂಟ್‌ಗೂ ಗೊತ್ತಿರಲ್ಲ. ಅಂದಹಾಗೆ ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಮೂಗು ಬಲಕ್ಕೆ ತಿರುಗಿದ್ರೆ ಫ್ರೆಂಚ್, ರಷ್ಯನ್ ಹೆಲಿಕಾಪ್ಟರ್‌ಗಳಲ್ಲಿ ರೋಟರ್ ಉಲ್ಟಾ ಸುತ್ತೋದ್ರಿಂದ ಎಡಕ್ಕೆ ತಿರುಗತ್ತೆ, ಒಂದರಿಂದ ಇನ್ನೊಂದಕ್ಕೆ ಬದಲಾದಾಗ ಹಳೇ ಪೈಲಟ್‌ಗಳ ಕಾಲೂ ಕೆಲ ದಿನ ತಬ್ಬಿಬ್ಬಾಗತ್ತೆ.

ಎಂಜಿನ್ ನಿಂತೋದ್ರೆ ಕಲ್ಲಿನ ಥರ ಬೀಳತ್ತೆ ಅನ್ನೋ ನಂಬಿಕೆ ಮನೆಯವರಲ್ಲಿ ಇದ್ರೆ ಅವರಿಗೆ ಆಟೋರೊಟೇಶನ್ ಬಗ್ಗೆ ಹೇಳಿ. ಎಂಜಿನ್ ಹೋದ ಕ್ಷಣವೇ ಕಲೆಕ್ಟಿವ್ ಪೂರ್ತಿ ಕೆಳಗೆ ಹಾಕಿದ್ರೆ, ಕೆಳಗಿಂದ ನುಗ್ಗೋ ಗಾಳಿ ರೋಟರನ್ನ ತಿರುಗಿಸ್ತಾನೇ ಇರತ್ತೆ, ನೆಲ ಹತ್ರ ಬಂದಾಗ ಮೂಗೆತ್ತಿ ವೇಗ ಕಮ್ಮಿ ಮಾಡಿ ಕೊನೇಲಿ ಕಲೆಕ್ಟಿವ್ ಎಳೆದ್ರೆ ರೋಟರ್‌ನಲ್ಲಿ ಉಳಿದಿರೋ ಶಕ್ತಿ ಒಂದೇ ಒಂದು ಸಲ ನಿಮ್ಮನ್ನ ಹಿಡ್ಕೊಳತ್ತೆ. ಒಂದೇ ಸಲ. ಎಳೆಯೋದು ಬೇಗ ಆದ್ರೂ ಕಷ್ಟ, ತಡ ಆದ್ರೂ ಕಷ್ಟ. 1972ರ ಜೂನ್ 21ರಂದು ಫ್ರಾನ್ಸಿನ ಜ್ಯಾನ್ ಬುಲೆ ಅನ್ನೋ ಟೆಸ್ಟ್ ಪೈಲಟ್ ಲಾಮಾ ಹೆಲಿಕಾಪ್ಟರನ್ನ 12,442 ಮೀಟರ್ ಎತ್ತರಕ್ಕೆ ಏರಿಸಿದ್ರು, ಅಲ್ಲಿ ಚಳಿಗೆ ಎಂಜಿನ್ ಆರಿಹೋಯ್ತು, ಅಷ್ಟೆತ್ತರದಿಂದ ಬರೀ ಆಟೋರೊಟೇಶನ್‌ನಲ್ಲೇ ಇಳಿದು ಬಂದ್ರು. ನಮ್ಮಲ್ಲಿ ಚೀತಾ ಅಂತ ಕರೆಯೋದು ಅದೇ ಲಾಮಾವನ್ನ, ಸಿಯಾಚಿನ್‌ನಲ್ಲಿ ವರ್ಷಾನುಗಟ್ಟಲೆ ಹಾರಿರೋದೂ ಅದೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ವೃತ್ತಿ ಪೂರ್ತಿ ನಿಂತಿರೋದು ಒಂದು ಲೆಕ್ಕದ ಮೇಲೆ: ಕೈಲಿ ಇನ್ನೆಷ್ಟು ಪವರ್ ಉಳಿದಿದೆ. ಎತ್ತರ ಜಾಸ್ತಿ ಆದ್ರೆ, ಬಿಸಿಲು ಜಾಸ್ತಿ ಆದ್ರೆ ಗಾಳಿ ತೆಳುವಾಗತ್ತೆ, ರೋಟರ್‌ಗೂ ಹಿಡಿತ ಕಮ್ಮಿ, ಎಂಜಿನ್‌ಗೂ ಉಸಿರು ಕಮ್ಮಿ. ಮುಂದಕ್ಕೆ ಹಾರ್ತಾ ಇರೋವಾಗ ಬೇಕಾಗೋ ಪವರ್ ಕಮ್ಮಿ, ನಿಂತಲ್ಲೇ ನಿಲ್ಲೋಕೆ ಬೇಕಾಗೋದು ಬಹಳ ಜಾಸ್ತಿ, ಹಾಗಾಗಿ ಆರಾಮಾಗಿ ಹಾರ್ಕೊಂಡು ಬಂದ ಹೆಲಿಕಾಪ್ಟರ್ ಅದೇ ತೂಕದಲ್ಲಿ ಇಳಿಯೋಕೆ ಹೋದ್ರೆ ನಿಲ್ಲೋಕಾಗದೆ ಕುಸಿಯಬಹುದು. ನೆಲದ ಹತ್ರ ರೋಟರ್ ಗಾಳಿ ನೆಲಕ್ಕೆ ಬಡಿದು ಸ್ವಲ್ಪ ಆಸರೆ ಕೊಡತ್ತೆ, ಆದ್ರೆ ಇಳಿಜಾರಿನಲ್ಲೋ ಮರಗಳ ಮೇಲೋ ಆ ಆಸರೆ ಸಿಗಲ್ಲ.

ಇದು ಹೆಲಿಕಾಪ್ಟರ್ ಯುದ್ಧಕ್ಕೆ ಬಂದ ಮೊದಲ ದಿನದಿಂದ ಇರೋ ತಲೆನೋವು. 1944ರ ಏಪ್ರಿಲ್‌ನಲ್ಲಿ ಬರ್ಮಾದ ಕಾಡಲ್ಲಿ ಒಂದು ಸಣ್ಣ ವಿಮಾನ ಬಿತ್ತು, ಅದರ ಪೈಲಟ್ಟು ಮತ್ತೆ ಮೂವರು ಬ್ರಿಟಿಷ್ ಸೈನಿಕರು ಶತ್ರುಗಳ ಕಡೆ ಸಿಕ್ಕಿಹಾಕ್ಕೊಂಡ್ರು. ಕಾರ್ಟರ್ ಹಾರ್ಮನ್ ಅನ್ನೋ ಅಮೆರಿಕದ ಲೆಫ್ಟಿನೆಂಟ್ ಸಿಕೋರ್ಸ್ಕಿ ವೈಆರ್-4 ತಗೊಂಡು ಹೋದ್ರು, ಅದರ ಎಂಜಿನ್ 200 ಅಶ್ವಶಕ್ತಿ ಆಸುಪಾಸಿನದ್ದು, ಆ ಸೆಖೆಗೆ ಪೈಲಟ್ ಬಿಟ್ರೆ ಇನ್ನೊಬ್ಬರನ್ನ ಮಾತ್ರ ಎತ್ತೋ ತಾಕತ್ತಿತ್ತು. ನಾಲ್ಕು ಜನಕ್ಕೆ ನಾಲ್ಕು ಸಲ ಹೋಗ್ಬೇಕು. ಇಬ್ಬರನ್ನ ತಂದ ಹೊತ್ತಿಗೆ ಎಂಜಿನ್ ಕಾದು ಕೆಂಡ, ಉಳಿದಿಬ್ಬರನ್ನ ತಂದಿದ್ದು ಮಾರನೇ ದಿನ. ಯುದ್ಧದಲ್ಲಿ ಹೆಲಿಕಾಪ್ಟರ್‌ನಿಂದ ಆದ ಮೊದಲ ರಕ್ಷಣೆ ಅಂತ ಇದನ್ನೇ ಹೇಳ್ತಾರೆ. (ಈ ಹಾರ್ಮನ್ ಆಮೇಲೆ ಸಂಗೀತ ವಿಮರ್ಶಕರಾದ್ರು, ಪೈಲಟ್ ಜೀವನ ಮುಗಿದ್ಮೇಲೆ ಏನು ಅಂತ ಕೇಳಿದ್ರಲ್ಲ, ಅದೂ ಒಂದು ದಾರಿ!) ಇವತ್ತಿನ ಎಂಜಿನ್‌ಗಳು ಸಾವಿರಗಟ್ಟಲೆ ಅಶ್ವಶಕ್ತಿ, ಆದ್ರೆ ಲೋಡು ಅದಕ್ಕೆ ತಕ್ಕಂತೆ ಬೆಳೆದಿದೆ, ಲೆಕ್ಕ ಅದೇ.

ಲೆಕ್ಕ ಸ್ವಲ್ಪ ಆಚೀಚೆ ಆದ್ರೆ ಏನಾಗತ್ತೆ ಅನ್ನೋದಕ್ಕೆ 2011ರ ಮೇ 2ರ ಅಬೋಟಾಬಾದ್ ನೋಡಿ. ಬಿನ್ ಲಾಡೆನ್ ಮನೆ ಮೇಲಿನ ದಾಳಿಗೆ ಹೋಗಿದ್ದು ಅಮೆರಿಕದ ಅತ್ಯಂತ ಪಳಗಿದ ಪೈಲಟ್‌ಗಳು. ಆಮೇಲೆ ಬಂದ ವರದಿಗಳ ಪ್ರಕಾರ ರಿಹರ್ಸಲ್ ಮಾಡಿದ ಮಾದರಿ ಮನೆ ಸುತ್ತ ಗೋಡೆ ಬದಲು ತಂತಿ ಬೇಲಿ ಇತ್ತು, ರೋಟರ್ ಗಾಳಿ ಅದರಿಂದ ಹೊರಗೆ ಹೋಗ್ತಿತ್ತು. ನಿಜವಾದ ಜಾಗದಲ್ಲಿ ಎತ್ತರದ ಗಟ್ಟಿ ಗೋಡೆ, ಅಂದ್ಕೊಂಡಿದ್ದಕ್ಕಿಂತ ಸೆಖೆ ಬೇರೆ. ಕೆಳಗೆ ತಳ್ಳಿದ ಗಾಳಿ ಗೋಡೆಗೆ ಬಡಿದು ಸುತ್ತಿ ಮತ್ತೆ ರೋಟರ್ ಮೇಲಿಂದ ಬಂತು, ಹೆಲಿಕಾಪ್ಟರ್ ತನ್ನದೇ ಗಾಳಿಯೊಳಗೆ ಕುಸೀತು. ಈ ಸ್ಥಿತೀಲಿ ಪವರ್ ಜಾಸ್ತಿ ಕೊಟ್ಟಷ್ಟೂ ಇನ್ನೂ ಬೇಗ ಇಳಿಯತ್ತೆ, ಕೈ ತಾನಾಗೇ ಕಲೆಕ್ಟಿವ್ ಎಳೆಯೋಕೆ ಹೋಗತ್ತೆ ನೋಡಿ, ಅದನ್ನ ತಡೆದು ಮುಂದಕ್ಕೆ ನುಗ್ಗಿ ಹೊರಗೆ ಬರ್ಬೇಕು. ಗೋಡೆಗಳ ನಡುವೆ ಅದಕ್ಕೆಲ್ಲಿ ಜಾಗ. ಪೈಲಟ್ ಅದನ್ನ ಮಗುಚದ ಹಾಗೆ ನೆಲಕ್ಕೆ ಕೂರಿಸಿದ್ರು, ಒಳಗಿದ್ದೋರೆಲ್ಲ ನಡ್ಕೊಂಡು ಹೊರಗೆ ಬಂದ್ರು.

ಇನ್ನು ಧೂಳು. ಒಣ ನೆಲದಲ್ಲಿ ಇಳಿಯೋವಾಗ ಕೊನೇ ಕೆಲವು ಸೆಕೆಂಡ್ ಏನೂ ಕಾಣಲ್ಲ, ಬ್ರೌನ್‌ಔಟ್ ಅಂತಾರೆ. ಮೊದಲೇ ನೆಲದ ಮೇಲೆ ಒಂದು ಕಲ್ಲೋ ಪೊದೆಯೋ ಗುರುತು ಹಿಡ್ಕೊಂಡು ಬರ್ತೀರ. ಹಿಂದೆ ಬಾಗಿಲಲ್ಲಿ ಬೆಲ್ಟ್ ಕಟ್ಕೊಂಡು ತಲೆ ಹೊರಗೆ ಹಾಕಿರೋ ಕ್ರೂ ಹೆಡ್‌ಸೆಟ್‌ನಲ್ಲಿ ಹೇಳ್ತಾ ಹೋಗ್ತಾನೆ, ಧೂಳು ಏಳ್ತಿದೆ, ಬಾಲದ ಹತ್ರ ಬಂತು, ಬಾಗಿಲಿಗೆ ಬಂತು, ಇನ್ನು ನಿಮ್ಮ ಕಿಟಕಿಗೆ ಬರೋ ಹೊತ್ತಿಗೆ ಚಕ್ರ ನೆಲಕ್ಕೆ ತಾಗಿರ್ಬೇಕು. ತಾಗಿಲ್ಲ, ಗುರುತಿನ ಕಲ್ಲೂ ಮಾಯ ಆಯ್ತು ಅಂದ್ರೆ ಯೋಚನೆ ಮಾಡ್ತಾ ಕೂರೋ ಹಾಗಿಲ್ಲ, ಪವರ್ ಹಾಕಿ ಎದ್ದು ಹೋಗ್ಬೇಕು. ಆ ಧ್ವನಿ ಗಾಬರಿ ಇಲ್ಲದೆ ಒಂದೇ ಲಯದಲ್ಲಿ ಬರ್ತಿರತ್ತೆ, ಸ್ವರ ಸ್ವಲ್ಪ ಬದಲಾದ್ರೂ ಪೈಲಟ್ ಮೈಯೆಲ್ಲ ಕಿವಿ. ನೀವು ಆಫೀಸರ್ ಆಗಿರ್ತೀರ, ಅವನು ನಿಮಗಿಂತ ಕೆಳಗಿನ ರ‍್ಯಾಂಕ್ ಇರ್ತಾನೆ, ಆದ್ರೆ ಅವನು ‘ಎತ್ತಿ’ ಅಂದ್ರೆ ನೀವು ಎತ್ತಬೇಕು, ಚರ್ಚೆ ಎಲ್ಲ ಇಳಿದ್ಮೇಲೆ. ಇದನ್ನ ಒಪ್ಕೊಳ್ಳೋಕೆ ಆಗದೆ ಇರೋ ಪೈಲಟ್‌ಗಳು ಒಳ್ಳೇ ಕೈ ಇದ್ರೂ ಹಿಂದೆ ಬೀಳೋದನ್ನ ನಾನು ನೋಡಿದೀನಿ.

ಧೂಳಿನ ಬಗ್ಗೆ ಇಷ್ಟು ಒತ್ತಿ ಹೇಳೋಕೆ 1980ರ ಏಪ್ರಿಲ್‌ನ ಇರಾನ್ ಕಾರ್ಯಾಚರಣೆ ಒಂದು ಕಾರಣ. ಒತ್ತೆಯಾಳುಗಳನ್ನ ಬಿಡಿಸೋಕೆ ಅಮೆರಿಕದ 8 ಹೆಲಿಕಾಪ್ಟರ್ ಹೊರಟವು, ದಾರೀಲಿ ಧೂಳಿನ ಮೋಡ, ತಾಂತ್ರಿಕ ತೊಂದರೆ ಅಂತ ಮರುಭೂಮಿ ತಾಣ ತಲುಪಿದ್ದು 6, ಅಲ್ಲಿ ಇನ್ನೊಂದು ಕೆಟ್ಟು ಉಳಿದಿದ್ದು 5. ಕನಿಷ್ಠ 6 ಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು, ಹಾಗಾಗಿ ವಾಪಸ್ ಹೊರಡೋಣ ಅಂದ್ರು. ಆ ವಾಪಸ್ ಹೊರಡೋ ಗಡಿಬಿಡೀಲಿ ಒಂದು ಹೆಲಿಕಾಪ್ಟರ್ ತಾನೇ ಎಬ್ಬಿಸಿದ ಧೂಳಲ್ಲಿ ಪಕ್ಕದ ವಿಮಾನಕ್ಕೆ ಗುದ್ದಿ 8 ಜನ ಸತ್ರು. ಅಲ್ಲಿ ಒಬ್ಬ ಶತ್ರುವೂ ಗುಂಡು ಹಾರಿಸಿರ್ಲಿಲ್ಲ. ಗುಂಡಿನ ಅಪಾಯ ಇಲ್ಲ ಅಂತಲ್ಲ ಮತ್ತೆ. ಅಮೆರಿಕದ ಸೆನೆಟರ್ ಟ್ಯಾಮಿ ಡಕ್‌ವರ್ತ್ ಬ್ಲ್ಯಾಕ್ ಹಾಕ್ ಪೈಲಟ್ ಆಗಿದ್ದೋರು, 2004ರಲ್ಲಿ ಇರಾಕ್‌ನಲ್ಲಿ ರಾಕೆಟ್ ಬಡಿದು ಎರಡೂ ಕಾಲು ಕಳ್ಕೊಂಡ್ರು. ಆದ್ರೆ ಶಾಂತಿ ಕಾಲದಲ್ಲಿ ಜೀವ ತೆಗೆಯೋದು ತಂತಿ, ಮೋಡ, ಕತ್ತಲು. ಮಿಲಿಟರಿ ಹೆಲಿಕಾಪ್ಟರ್ ಮೂಗಿನ ಮೇಲೆ ಕೆಳಗೆ ಕತ್ತಿ ಥರ ಎರಡು ಬ್ಲೇಡ್ ನೋಡಿರ್ತೀರಲ್ಲ, ಅದು ತಂತಿ ಕತ್ತರಿಸೋಕೇ ಇಟ್ಟಿರೋದು.

ಮೈ ತಡಿಯತ್ತಾ ಅಂದ್ರಿ. ತಡಿಯತ್ತೆ, ಆದ್ರೆ ಸುಂಕ ವಸೂಲಿ ಮಾಡತ್ತೆ. ಸೀಟಲ್ಲಿ ಕೂರೋ ಭಂಗೀನೇ ಸೊಟ್ಟ: ಎಡಗೈ ಕೆಳಗೆ ಕಲೆಕ್ಟಿವ್ ಮೇಲೆ, ಬಲ ಮೊಣಕೈ ತೊಡೆ ಮೇಲೆ, ಸ್ವಲ್ಪ ಮುಂದಕ್ಕೆ ಬಾಗಿ ಎಡಕ್ಕೆ ವಾಲಿರ್ತೀರ, ಮೇಲಿಂದ ಗಂಟೆಗಟ್ಟಲೆ ರೋಟರ್ ನಡುಕ. ಸೊಂಟ ನೋವು ಇಲ್ಲದ ಹಳೇ ಹೆಲಿಕಾಪ್ಟರ್ ಪೈಲಟ್ ಸಿಗೋದು ಅಪರೂಪ. ರಾತ್ರಿ ಹಾರಾಟದಲ್ಲಿ ಹೆಲ್ಮೆಟ್ ಮುಂದೆ ನೈಟ್ ವಿಷನ್ ಗಾಗಲ್ಸ್ ತೂಗ್ತಿರತ್ತೆ, ಅದನ್ನ ಸರಿದೂಗಿಸೋಕೆ ಹಿಂದೆ ಒಂದು ತೂಕ, ಎಲ್ಲ ಕುತ್ತಿಗೆ ಮೇಲೇ. ಅದ್ರಲ್ಲಿ ಕಾಣೋ ಅಗಲ ಬರೀ 40 ಡಿಗ್ರಿ ಅಷ್ಟೇ, ಹಾಗಾಗಿ ತಲೆ ಆಕಡೆ ಈಕಡೆ ತಿರುಗಿಸ್ತಾನೇ ಇರ್ಬೇಕು, ದೂರದ ಅಂದಾಜೂ ಸರಿಯಾಗಿ ಸಿಗಲ್ಲ. ಅಪಾಚೆ ಅನ್ನೋ ದಾಳಿ ಹೆಲಿಕಾಪ್ಟರ್ ಹಾರಿಸೋರದ್ದು ಇನ್ನೊಂದು ಕಥೆ, ಬಲಗಣ್ಣಿನ ಮುಂದೆ ಒಂದು ಪುಟ್ಟ ಗಾಜು, ಅದ್ರಲ್ಲಿ ಹೆಲಿಕಾಪ್ಟರ್ ಮೂಗಿನ ತುದೀಲಿರೋ ಕ್ಯಾಮೆರಾ ಕಾಣೋ ಚಿತ್ರ, ಎಡಗಣ್ಣಲ್ಲಿ ಕತ್ತಲೆ. ಎರಡು ಕಣ್ಣು ಎರಡು ಬೇರೆ ಲೋಕ ನೋಡೋದನ್ನ ಮೆದುಳು ಒಪ್ಪೋ ತನಕ ಎಲ್ಲರಿಗೂ ತಲೆನೋವೇ. ಶುರುವಿನಿಂದ್ಲೇ ಬೆನ್ನು, ಹೊಟ್ಟೆ, ಕುತ್ತಿಗೆಯ ಸ್ನಾಯು ಗಟ್ಟಿ ಮಾಡ್ಕೊಳ್ಳೋ ವ್ಯಾಯಾಮ ಹಿಡೀರಿ, ನೋವು ಬಂದ್ರೆ ಫ್ಲೈಟ್ ಸರ್ಜನ್ (ಪೈಲಟ್‌ಗಳ ಡಾಕ್ಟರ್) ಹತ್ರ ಮುಚ್ಚಿಡಬೇಡಿ. ಗ್ರೌಂಡ್ ಮಾಡಿಬಿಡ್ತಾರೆ, ಅಂದ್ರೆ ಹಾರೋಕೆ ಬಿಡಲ್ಲ ಅನ್ನೋ ಭಯಕ್ಕೆ ಮುಚ್ಚಿಟ್ಟೋರೇ ಕೊನೆಗೆ ಜಾಸ್ತಿ ದಿನ ಗ್ರೌಂಡ್ ಆಗೋದು.

ದಿನಾ ಏನು ಕೆಲಸ? ನಿಜ ಹೇಳ್ಬೇಕಂದ್ರೆ ಹಾರೋದಕ್ಕಿಂತ ಹಾರೋಕೆ ತಯಾರಿ ಜಾಸ್ತಿ. ಒಂದು ಗಂಟೆ ಹಾರೋಕೆ ಹವಾಮಾನ, ತೂಕ, ಇಂಧನ, ಮ್ಯಾಪು, ಬ್ರೀಫಿಂಗು, ಆಮೇಲೆ ಡೀಬ್ರೀಫು. ಅಷ್ಟರಲ್ಲಿ ಮಷೀನ್‌ನಲ್ಲಿ ಏನೋ ದೋಷ (ಸ್ನ್ಯಾಗ್) ಅಂತ ಹ್ಯಾಂಗರ್‌ನಲ್ಲೇ ಕೂರೋದೂ ಇದೆ. ಜೊತೆಗೆ ಸ್ಕ್ವಾಡ್ರನ್‌ನ ಯಾವುದೋ ರಿಜಿಸ್ಟರು, ಯಾವುದೋ ಆಡಿಟ್ಟು ಹೊಸಬರ ತಲೆಗೇ ಬೀಳತ್ತೆ. ಸ್ಟ್ಯಾಂಡ್‌ಬೈ ಡ್ಯೂಟಿ ಅಂದ್ರೆ ಬೂಟು ಬಿಚ್ಚದೆ ಕಾಯೋದು, ಕರೆ ಬಂದ್ರೆ ನಿಮಿಷಗಳಲ್ಲಿ ರೋಟರ್ ತಿರುಗ್ಬೇಕು, ಬರದೇ ಹೋದ್ರೆ ಇಡೀ ದಿನ ಟೀ ಕುಡಿದಿದ್ದಷ್ಟೇ ಲಾಭ.

ಎಷ್ಟು ವರ್ಷ ಹಾರಬಹುದು ಅನ್ನೋದು ನೀವು ಕೇಳಿದ್ರಲ್ಲಿ ಅತಿ ಒಳ್ಳೇ ಪ್ರಶ್ನೆ. ಮೊದಲು ಕೋ-ಪೈಲಟ್, ಕೆಲವು ವರ್ಷಕ್ಕೆ ಕ್ಯಾಪ್ಟನ್, ಆಮೇಲೆ ಇನ್‌ಸ್ಟ್ರಕ್ಟರ್, ಕೆಲವರು ಟೆಸ್ಟ್ ಪೈಲಟ್. ಆದ್ರೆ ಆಫೀಸರ್ ಆಗಿ ರ‍್ಯಾಂಕ್ ಏರಿದಷ್ಟೂ ಫೈಲು ಜಾಸ್ತಿ, ಹಾರಾಟ ಕಮ್ಮಿ. ಕೈ ಪಳಗಿ, ಅನುಭವ ಪಕ್ವ ಆಗಿರೋ ಹೊತ್ತಿಗೆ ಸರಿಯಾಗಿ ಟೇಬಲ್ ಮುಂದೆ ಕೂರಿಸ್ತಾರೆ, ನನ್ನ ಪ್ರಕಾರ ಇದು ಈ ವೃತ್ತಿಯ ದೊಡ್ಡ ದಂಡ. ಅಮೆರಿಕದ ಆರ್ಮಿ ಇದಕ್ಕೆ ವಾರಂಟ್ ಆಫೀಸರ್ ಅನ್ನೋ ದಾರಿ ಮಾಡಿದೆ, ಅವರ ಪೈಲಟ್‌ಗಳಲ್ಲಿ ಬಹುಪಾಲು ಇವರೇ, ದೊಡ್ಡ ಕಮಾಂಡ್ ಸಿಗಲ್ಲ ಆದ್ರೆ ವೃತ್ತಿ ಪೂರ್ತಿ ಹಾರ್ತಾನೇ ಇರಬಹುದು. ಮೈಕಲ್ ನೊವೊಸೆಲ್ ಅನ್ನೋರು ಎರಡನೇ ಮಹಾಯುದ್ಧದಲ್ಲಿ ಬಿ-29 ಬಾಂಬರ್ ಹಾರಿಸಿದೋರು, ಏರ್ ಫೋರ್ಸ್ ರಿಸರ್ವ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್. ಮತ್ತೆ ಸಕ್ರಿಯ ಸೇವೆಗೆ ತಗೊಳ್ಳಿ ಅಂದ್ರೆ ದೊಡ್ಡ ರ‍್ಯಾಂಕಿನೋರು ಆಗ್ಲೇ ತುಂಬಾ ಇದಾರೆ ಅಂದ್ರು. ಆ ರ‍್ಯಾಂಕನ್ನೇ ಬಿಟ್ಟು ಆರ್ಮಿಗೆ ವಾರಂಟ್ ಆಫೀಸರ್ ಆಗಿ ಸೇರಿ ಹೆಲಿಕಾಪ್ಟರ್ ಹತ್ತಿದ್ರು. ವಿಯೆಟ್ನಾಂನಲ್ಲಿ ಎರಡು ಅವಧೀಲಿ 5,589 ಗಾಯಾಳುಗಳನ್ನ ಸಾಗಿಸಿದ್ರು, 1969ರ ಅಕ್ಟೋಬರ್ 2ರಂದು ಒಂದೇ ದಿನ ಗುಂಡಿನ ಮಳೇಲಿ 29 ಜನರನ್ನ ಎತ್ಕೊಂಡು ಬಂದಾಗ ಅವರಿಗೆ 47 ವಯಸ್ಸು. ಅದಕ್ಕೇ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಸಿಕ್ತು.

ಹಾಗಂತ ಎಲ್ಲ ಕಡೆ ಆ ದಾರಿ ಇಲ್ಲ, ಆದ್ರಿಂದ ಸೇರೋ ಮುಂಚೆ ಕರಾರು ಓದಿ. ಹಾರೋದು ಕಲಿಸೋಕೆ ಭಾರೀ ಖರ್ಚು ಮಾಡಿರ್ತಾರೆ, ಸುಮ್ಮನೆ ಬಿಡಲ್ಲ. ಅಮೆರಿಕದ ಆರ್ಮಿ 2020ರಲ್ಲಿ ಟ್ರೈನಿಂಗ್ ನಂತರದ ಕಡ್ಡಾಯ ಸೇವೆಯನ್ನ 10 ವರ್ಷಕ್ಕೆ ಏರಿಸ್ತು, ಭಾರತದ ವಾಯುಪಡೇಲಿ ಶಾರ್ಟ್ ಸರ್ವಿಸ್ (ನಿಗದಿತ ಅವಧಿಯ ಸೇವೆ) ಫ್ಲೈಯಿಂಗ್ ಬ್ರಾಂಚ್ ಅಂದ್ರೆ 14 ವರ್ಷ. 21ಕ್ಕೆ ಸಹಿ ಹಾಕೋ ಕಾಗದ ನಿಮ್ಮನ್ನ ಮೂವತ್ತು ದಾಟೋ ತನಕ ಹಿಡ್ಕೊಳತ್ತೆ, ಮದುವೆ, ಮಕ್ಕಳು, ಊರಿಂದ ಊರಿಗೆ ವರ್ಗ ಎಲ್ಲ ಅದರೊಳಗೇ ಬರತ್ತೆ.

ಹೊರಗೆ ಕೆಲಸ ಇದೆ: ಸಮುದ್ರದ ತೈಲ ರಿಗ್‌ಗಳಿಗೆ ಜನ ಸಾಗಿಸೋದು, ಏರ್ ಆಂಬುಲೆನ್ಸ್, ಕಾಡ್ಗಿಚ್ಚು ಆರಿಸೋದು, ಪೊಲೀಸ್, ಕೋಸ್ಟ್ ಗಾರ್ಡ್. ಆದ್ರೆ ಮಿಲಿಟರಿ ರೆಕ್ಕೆ ಬ್ಯಾಡ್ಜ್ ನೋಡಿ ಯಾರೂ ಕೆಲಸ ಕೊಡಲ್ಲ, ಸಿವಿಲ್ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಮಿಲಿಟರಿ ಪೈಲಟ್ ಒಂದು ಲಿಖಿತ ಪರೀಕ್ಷೆ ಬರೆದು ದಾಖಲೆ ತೋರಿಸಿ ಕಮರ್ಷಿಯಲ್ ಲೈಸೆನ್ಸ್ ಪಡೀಬಹುದು, ಬೇರೆ ಕಡೆ ಇನ್ನೂ ಒಂದಷ್ಟು ಪೇಪರ್ ಬರೀಬೇಕು, ಟೆಸ್ಟ್ ಕೊಡಬೇಕು. ಕಂಪನಿಗಳು ಒಟ್ಟು ಗಂಟೆಯ ಜೊತೆ ಕ್ಯಾಪ್ಟನ್ ಆಗಿ ಎಷ್ಟು, ಎರಡು ಎಂಜಿನ್‌ನದ್ದರಲ್ಲಿ ಎಷ್ಟು, ರಾತ್ರಿ ಎಷ್ಟು, ಹೊರಗೆ ನೋಡದೆ ಬರೀ ಇನ್‌ಸ್ಟ್ರುಮೆಂಟ್ ನೋಡ್ಕೊಂಡು ಎಷ್ಟು ಅಂತ ಬಿಡಿಬಿಡಿಯಾಗಿ ಕೇಳ್ತಾರೆ, ಲಾಗ್‌ಬುಕ್‌ನಲ್ಲಿ ಮೊದಲ ದಿನದಿಂದ್ಲೇ ಹಾಗೇ ಬರ್ಕೊಂಡು ಬಂದ್ರೆ ಕೊನೇಲಿ ಪರದಾಟ ಇಲ್ಲ. ಇನ್ನು ಏರ್‌ಲೈನ್‌ಗೆ ಹೋಗೋ ಯೋಚನೆ ಇದ್ರೆ ಹೆಲಿಕಾಪ್ಟರ್ ಗಂಟೆ ಪೂರ್ತಿ ಲೆಕ್ಕಕ್ಕೆ ಬರಲ್ಲ, ವಿಮಾನದ ಗಂಟೆ ಬೇರೆ ಸೇರಿಸ್ಬೇಕು, ಅದಕ್ಕೆ ಕೈಯಿಂದ ದುಡ್ಡು ಹೋಗತ್ತೆ.

ಈಗ್ಲೇ ಮಾಡಬಹುದಾದ್ದು ಅಂದ್ರೆ ಮೊದಲು ಕಣ್ಣು ತೋರಿಸಿ, ಬಣ್ಣ ಗುರುತಿಸೋ ಪರೀಕ್ಷೆ ಸೇರಿಸಿ. ಕೂತಾಗಿನ ಎತ್ತರ, ಕಾಲಿನ ಉದ್ದಕ್ಕೂ ಮಿತಿ ಇರತ್ತೆ, ನೀವು ಸೇರ್ಬೇಕು ಅಂತಿರೋ ಪಡೆಯ ಅಳತೆ ಏನು ಅಂತ ಅವರದೇ ನೋಟಿಫಿಕೇಶನ್‌ನಲ್ಲಿ ನೋಡಿ. ವರ್ಷಗಟ್ಟಲೆ ಓದಿ ಕೊನೆಗೆ ಮೆಡಿಕಲ್‌ನಲ್ಲಿ ಹೊರಗೆ ಬಿದ್ದೋರು ಬೇಕಾದಷ್ಟು ಜನ ಇದಾರೆ. ಈಜು ಬರದಿದ್ರೆ ಕಲೀರಿ. ಹೆಲಿಕಾಪ್ಟರ್‌ನ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮೇಲಿರೋದ್ರಿಂದ ನೀರಿಗೆ ಬಿದ್ರೆ ಸಾಮಾನ್ಯವಾಗಿ ತಲೆಕೆಳಗಾಗತ್ತೆ, ಅದಕ್ಕೆ ಸಮುದ್ರದ ಮೇಲೆ ಹಾರೋರನ್ನ ಡಂಕರ್ ಅನ್ನೋ ಡಬ್ಬದಲ್ಲಿ ಕಟ್ಟಿ ಕೊಳದಲ್ಲಿ ಮುಳುಗಿಸಿ ಮಗುಚ್ತಾರೆ, ಆಮೇಲೆ ಕತ್ತಲಲ್ಲೂ ಅದನ್ನೇ ಮಾಡಿಸ್ತಾರೆ. ಒಂದು ಕೈ ಕಿಟಕಿ ಅಂಚು ಹಿಡ್ಕೊಂಡಿರ್ಬೇಕು, ಮಗುಚೋದು ನಿಲ್ಲೋ ತನಕ ಉಸಿರು ಬಿಗಿಹಿಡಿದು ಕಾಯ್ಬೇಕು, ಕಿಟಕಿ ತಳ್ಳಿದ್ಮೇಲಷ್ಟೇ ಬೆಲ್ಟ್ ಬಿಚ್ಬೇಕು. ಬೆಲ್ಟ್ ಮೊದಲೇ ಬಿಚ್ಚಿದ್ರೆ ತೇಲಿಹೋಗಿ ಮೇಲು ಯಾವುದು ಕೆಳಗೆ ಯಾವುದು ಗೊತ್ತಾಗಲ್ಲ. ಮೂಗಿಗೆ ನೀರು ನುಗ್ತಿರೋವಾಗ ಸುಮ್ಮನೆ ಕಾಯೋದು ನಿಮ್ಮಿಂದ ಆಗತ್ತಾ ಇಲ್ವಾ ಅನ್ನೋದನ್ನ ಮಾಮೂಲಿ ಈಜುಕೊಳದಲ್ಲೇ ಪಕ್ಕದಲ್ಲಿ ಕೋಚ್ ಇಟ್ಕೊಂಡು ಒಂದು ಪಲ್ಟಿ ಹೊಡೆದು ನೋಡಬಹುದು, ಅಪ್ಲಿಕೇಶನ್ ಹಾಕೋ ಮುಂಚೇನೇ.